ಹನ್ನೊಂದು ಅಕ್ಷೌಹಿಣಿಯ ಸೋಲು

ಕಳೆದ ತಿಂಗಳು ಒಂದು ಅಂತರಕಾಲೇಜು ಚರ್ಚಾಸ್ಪರ್ಧೆಗೆ ನನ್ನನ್ನು ತೀರ್ಪುಗಾರನಾಗಿ ಕರೆದಿದ್ದರು. ವಿಷಯ, ಇಂಥ ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ ಇರುವಂಥದೇ: ದೇಶರಕ್ಷಣೆ. ಮಾತಾಡಿದವರು ಒಂಬತ್ತು ಮಂದಿ. ಅವರಲ್ಲಿ ಏಳು ಮಂದಿ ಮೀರ್ ಜಾಫರನ ಹೆಸರನ್ನೋ ಮೀರ್ ಸಾದಿಕನ ಹೆಸರನ್ನೋ ಎತ್ತಿದರು. ಇಬ್ಬರು ಎರಡನ್ನೂ ಎತ್ತಿದರು. ನಮ್ಮ ಸೈನ್ಯ ದೊಡ್ಡದಾಗಿತ್ತು, ನಮ್ಮ ವೀರರು ಅಪ್ರತಿಮರಾಗಿದ್ದರು, ನಡುವೆ ಒಬ್ಬ ದ್ರೋಹಿ ಹುಟ್ಟಿಕೊಂಡ, ಅದರಿಂದ ಸೋತೆವು ಎಂಬುದೇ ಎಲ್ಲರ ಮಾತಿನ ಸಾರ. ಇದನ್ನೇ ಮೇಜು ಗುದ್ದಿ ಹೇಳಿದ ಹುಡುಗನಿಗೆ ಸಭೆ ಹೆಚ್ಚು ಚಪ್ಪಾಳೆ ಕೊಟ್ಟಿತು. ನಾನೂ ಅವನಿಗೇ ಮೊದಲ ಬಹುಮಾನ ಕೊಟ್ಟೆ. ಅವನ ಕನ್ನಡ ಚೆನ್ನಾಗಿತ್ತು, ಅಲ್ಪಪ್ರಾಣ ಮಹಾಪ್ರಾಣಗಳು ತಮ್ಮ ತಮ್ಮ ಸ್ಥಾನದಲ್ಲಿದ್ದವು. ಈ ಕಾಲದಲ್ಲಿ ಅದೇನು ಸಣ್ಣ ಗುಣವಲ್ಲ. ಆದರೆ ಬಸ್ಸಿನಲ್ಲಿ ಕುಳಿತು ಮನೆಗೆ ಬರುವಾಗ ನಾನು ತಪ್ಪು ಮಾಡಿದೆನೆಂದು ತೋರತೊಡಗಿತು. ಆ ಹುಡುಗ ಹೇಳಿದ್ದು ಸುಳ್ಳೆಂದಲ್ಲ. ಅವನು ಪ್ರಶ್ನೆ ಶುರುವಾಗಬೇಕಾದ ಜಾಗದಲ್ಲಿ ಅದನ್ನು ಮುಗಿಸಿಬಿಟ್ಟಿದ್ದ. ಆ ಮುಗಿಸುವಿಕೆಗೆ ನಾನು ಬೆಳ್ಳಿಯ ಬಟ್ಟಲು ಕೊಟ್ಟು ಕಳಿಸಿದ್ದೆ.

ದೊಡ್ಡ ಸೈನ್ಯವೊಂದು ತನ್ನ ನೆಲದಲ್ಲೇ ನಿಂತು, ಹೊರಗಿನಿಂದ ಬಂದ ಸಣ್ಣ ಸೈನ್ಯಕ್ಕೆ ಸೋಲುವುದು ಹೇಗೆ? ಇದು ಸಿಪಾಯಿಗಳಿಗೆ ಮಾತ್ರ ಸೇರಿದ ಪ್ರಶ್ನೆಯೆಂದು ಬಿಟ್ಟುಬಿಡುವಂತಿಲ್ಲ. ಸೋಲನ್ನು ಒಂದು ಜನಾಂಗ ತನಗೆ ತಾನೇ ಹೇಗೆ ಹೇಳಿಕೊಳ್ಳುತ್ತದೆ ಎಂಬುದು ಭಾಷೆಯ ಪ್ರಶ್ನೆ, ಪಾಠದ ಪ್ರಶ್ನೆ. ಆದ್ದರಿಂದ ಕನ್ನಡ ಪಾಠ ಹೇಳುವವನೊಬ್ಬ ಇದರಲ್ಲಿ ಕೈಹಾಕಿದರೆ ಇತಿಹಾಸದ ಅಧ್ಯಾಪಕ ಮಿತ್ರರು ಮುನಿಯಬಾರದು.

ನಮ್ಮ ಮನೆಯ ಕಥೆಯಿಂದಲೇ ಆರಂಭಿಸೋಣ. ಕುರುಕ್ಷೇತ್ರದಲ್ಲಿ ಕೌರವರದು ಹನ್ನೊಂದು ಅಕ್ಷೌಹಿಣಿ, ಪಾಂಡವರದು ಏಳು. ರಾಜ್ಯ ಕೌರವರ ಕೈಯಲ್ಲಿತ್ತು, ಬೊಕ್ಕಸ ಅವರ ಕೈಯಲ್ಲಿತ್ತು. ಭೀಷ್ಮ ದ್ರೋಣ ಕರ್ಣರು ಆ ಕಡೆಗಿದ್ದರು. ಹದಿನೆಂಟು ದಿನದ ಕೊನೆಯಲ್ಲಿ ಉಳಿದದ್ದು ಏನೆಂಬುದು ಎಲ್ಲರಿಗೂ ಗೊತ್ತು. ಯುದ್ಧ ಶುರುವಾಗುವ ಮುನ್ನ ಧೃತರಾಷ್ಟ್ರನ ಮಗನೇ ಆದ ಯುಯುತ್ಸು ಪಕ್ಷ ಬಿಟ್ಟು ಪಾಂಡವರ ಕಡೆಗೆ ನಡೆದುಹೋದ. ನಮ್ಮ ಚರ್ಚಾಪಟುಗಳ ಲೆಕ್ಕದಲ್ಲಿ ಇದಕ್ಕಿಂತ ಸ್ಪಷ್ಟವಾದ ದ್ರೋಹ ಬೇಕೆ? ಆದರೂ ಯುಯುತ್ಸುವಿನಿಂದ ಕೌರವರು ಸೋತರು ಎಂದು ಇಷ್ಟು ಶತಮಾನಗಳಲ್ಲಿ ಯಾವ ಹರಿಕಥೆದಾಸರೂ ಹೇಳಿದ್ದನ್ನು ನಾನು ಕೇಳಿಲ್ಲ. ಏಕೆಂದರೆ ಕಥೆ ಬಲ್ಲವರಿಗೆ ಕಾರಣಗಳೂ ಗೊತ್ತು. ಭೀಷ್ಮ ಸೇನಾಪತಿಯಾಗಿರುವ ತನಕ ಬಿಲ್ಲು ಹಿಡಿಯುವುದಿಲ್ಲವೆಂದು ಕರ್ಣ ಹತ್ತು ದಿನ ಬಿಡಾರದಲ್ಲಿ ಕೂತ. ಭೀಷ್ಮ ಹತ್ತು ದಿನ, ದ್ರೋಣ ಐದು ದಿನ, ಕರ್ಣ ಎರಡು ದಿನ, ಶಲ್ಯ ಒಂದು ದಿನ, ಕೊನೆಗೆ ಎಲ್ಲ ಮುಗಿದ ಮೇಲೆ ಅಶ್ವತ್ಥಾಮ: ಐದು ಸೇನಾಪತಿಗಳು. ಎದುರು ಪಕ್ಷದಲ್ಲಿ ಹದಿನೆಂಟು ದಿನವೂ ಧೃಷ್ಟದ್ಯುಮ್ನನೊಬ್ಬನೇ. ಕೌರವರ ಕಡೆಯ ಹಿರಿಯರಿಗೆ ಉಪ್ಪು ಇಲ್ಲಿ, ಮನಸ್ಸು ಅಲ್ಲಿ. ಹನ್ನೊಂದು ಅಕ್ಷೌಹಿಣಿ ಎಂಬುದು ಎಣಿಕೆಯ ಮಾತು. ಒಂದು ಸೈನ್ಯವಾಗಿ ಅದು ಒಂದು ದಿನವೂ ನಿಲ್ಲಲಿಲ್ಲ.

ನಾನು ರನ್ನನ ಗದಾಯುದ್ಧವನ್ನು ಪಾಠ ಹೇಳಿದ್ದೇನೆ. ದುರ್ಯೋಧನ ರಣರಂಗದಲ್ಲಿ ನಡೆದು ಒಬ್ಬೊಬ್ಬರ ಹೆಣದ ಮುಂದೆಯೂ ನಿಂತು ದುಃಖಿಸುತ್ತಾನೆ. ಹುಡುಗರ ಕಣ್ಣು ತುಂಬುತ್ತದೆ. ನಿಜ ಹೇಳಬೇಕೆಂದರೆ ನನ್ನದೂ. ಇಷ್ಟು ದೊಡ್ಡ ಸೈನ್ಯ ಹೀಗೇಕಾಯಿತು ಎಂದು ಕೇಳುವ ಹೊತ್ತಿಗೆ ಗಂಟೆ ಹೊಡೆಯುತ್ತದೆ. ಇತಿಹಾಸದ ವಿಷಯದಲ್ಲೂ ನಮ್ಮದು ಬಹುಮಟ್ಟಿಗೆ ಇದೇ ಪಾಡು. ಅತ್ತು ಮುಗಿಸುತ್ತೇವೆ, ಇಲ್ಲವೆ ಬೈದು ಮುಗಿಸುತ್ತೇವೆ. ಕೇಳಿ ಮುಗಿಸುವುದಿಲ್ಲ.

ಈಗ ಮೀರ್ ಜಾಫರನಿಗೆ ಬರೋಣ. 1757ರ ಜೂನ್ 23ರಂದು ಪ್ಲಾಸಿಯಲ್ಲಿ ಸಿರಾಜುದ್ದೌಲನ ಕಡೆ ಸುಮಾರು ಐವತ್ತು ಸಾವಿರ ಜನ, ಕ್ಲೈವನ ಕಡೆ ಸುಮಾರು ಮೂರು ಸಾವಿರ. ಮೀರ್ ಜಾಫರನೂ ಅವನ ಜೊತೆಗಾರರೂ ತಮ್ಮ ದಳಗಳೊಡನೆ ಅಲುಗಾಡದೆ ನಿಂತರು. ದ್ರೋಹವೇ, ಸಂದೇಹವಿಲ್ಲ. ಆದರೆ ಎರಡು ಪ್ರಶ್ನೆ ಉಳಿಯುತ್ತವೆ. ಆ ಮಧ್ಯಾಹ್ನ ಮಳೆ ಬಂದಾಗ ಕಂಪನಿಯವರು ತಮ್ಮ ಮದ್ದನ್ನು ಟಾರ್ಪಾಲಿನಿಂದ ಮುಚ್ಚಿಕೊಂಡರು. ನವಾಬನ ಮದ್ದು ನೆನೆದು ಮುದ್ದೆಯಾಯಿತು. ಇದರಲ್ಲಿ ಮೀರ್ ಜಾಫರನ ಕೈವಾಡವೇನು? ಮಳೆಗಾಲದ ಬಂಗಾಳದಲ್ಲಿ ಮಳೆ ಬರುವುದನ್ನು ಹೊರಗಿನವನು ನೆನಪಿಟ್ಟ, ಒಳಗಿನವನು ಮರೆತ. ಎರಡನೆಯದು ಇದಕ್ಕಿಂತ ಮುಖ್ಯ. ಸೈನ್ಯದ ಬಹುಭಾಗ ಅರಸನಿಗೆ ಸೇರದೆ, ಸಂಬಳ ಕೊಡುವ ಮೂರು ನಾಲ್ಕು ಸರದಾರರಿಗೆ ಸೇರಿದ್ದಾಗ, ಆ ಸರದಾರರಿಗೂ ನಗರದ ದೊಡ್ಡ ಸಾಹುಕಾರರಿಗೂ ಅರಸನ ಮೇಲೆ ಒಳಗೊಳಗೇ ಹಗೆಯಿದ್ದಾಗ, ದ್ರೋಹಿಯನ್ನು ಹುಡುಕಿಕೊಂಡು ಹೋಗಬೇಕಾದ ಅಗತ್ಯ ಶತ್ರುವಿಗೆ ಎಲ್ಲಿದೆ? ಅವನೇ ಬಾಗಿಲಿಗೆ ಬರುತ್ತಾನೆ. ದ್ರೋಹ ಎಲ್ಲ ಸೈನ್ಯಗಳಲ್ಲೂ ಇರಬಹುದಾದ ರೋಗ. ಒಂದು ಮೈ ಅದನ್ನು ತಡೆದುಕೊಳ್ಳುತ್ತದೆ, ಇನ್ನೊಂದು ಮೈ ಅದರಿಂದಲೇ ಸಾಯುತ್ತದೆ. ವೈದ್ಯನಾದವನು ಮೈಯನ್ನು ನೋಡಬೇಕು. ನಾವು ಕ್ರಿಮಿಗೆ ಹೆಸರಿಟ್ಟು ಶಾಪ ಹಾಕಿ, ಚಿಕಿತ್ಸೆ ಆಯಿತೆಂದುಕೊಳ್ಳುತ್ತೇವೆ.

ಇಲ್ಲ, ದ್ರೋಹವೇ ಮೂಲ ಎಂದು ಇನ್ನೂ ಹಟ ಹಿಡಿಯುವವರಿಗಾಗಿ ದ್ರೋಹಿಯಿಲ್ಲದ ಸೋಲೊಂದನ್ನು ಎದುರಿಗಿಡುತ್ತೇನೆ. ಅದು ನಮ್ಮ ಮನೆಗೂ ಸೇರಿದ ಸೋಲು. ನನ್ನ ತಾತನ ಅಣ್ಣ, ನಾವೆಲ್ಲ ದೊಡ್ಡತಾತ ಎಂದು ಕರೆಯುತ್ತಿದ್ದವರು, ಮೈಸೂರು ಇನ್‌ಫೆಂಟ್ರಿಯಲ್ಲಿ ಸಿಪಾಯಿಯಾಗಿ ಸಿಂಗಪುರಕ್ಕೆ ಹೋಗಿದ್ದರು. 1942ರ ಫೆಬ್ರುವರಿ 15ರಂದು ಅಲ್ಲಿ ಸೆರೆಸಿಕ್ಕವರಲ್ಲಿ ಅವರೂ ಒಬ್ಬರು. ನಾನು ಹುಡುಗನಾಗಿದ್ದಾಗ ಜಗಲಿಯ ಮೇಲೆ ಕೂತು ಅಡಕೆ ಕತ್ತರಿಸುತ್ತಾ ಅವರು ಹೇಳಿದ ಮಾತು ಇಷ್ಟೇ: “ನಾವು ನಿಂತಿದ್ದ ಕಡೆ ಅವ್ರು ಬರ್ಲೇ ಇಲ್ಲ, ಮಗ. ಬಂದ ಕಡೆ ನಾವಿರ್ಲಿಲ್ಲ. ಆಮೇಲೆ ಕೈ ಎತ್ತಿ ಅಂದ್ರು, ಎತ್ತಿದ್ವಿ.” ಅವರು ಓದಿದ್ದು ಲೋವರ್ ಸೆಕೆಂಡರಿ. ಆ ಯುದ್ಧವನ್ನು ಕುರಿತ ದಪ್ಪ ಪುಸ್ತಕಗಳನ್ನು ಆಮೇಲೆ ನಾನು ಓದಿದೆ. ದೊಡ್ಡತಾತನ ಮೂರು ವಾಕ್ಯಕ್ಕೆ ಅವು ಬರೆದ ಭಾಷ್ಯವೆಂದೇ ನನಗೆ ತೋರಿತು.

ಸಂಗತಿಗಳು ಹೀಗಿವೆ. 1941ರ ಡಿಸೆಂಬರ್ 8ರಂದು, ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ, ಜಪಾನೀ ಸೈನ್ಯ ಮಲಯದ ಕೋಟ ಬಾರು ಎಂಬಲ್ಲಿ ದಡಕ್ಕಿಳಿಯಿತು. ಪಕ್ಕದ ಸಯಾಮಿನ ತೀರದಲ್ಲೂ ಇಳಿಯಿತು. ಆಗ ಮಲಯವನ್ನು ಕಾಯುತ್ತಿದ್ದ ಬ್ರಿಟಿಷ್, ಭಾರತೀಯ, ಆಸ್ಟ್ರೇಲಿಯನ್ ಮತ್ತು ಮಲಯ ದಳಗಳಲ್ಲಿ ಒಟ್ಟು ಸುಮಾರು 88,000 ಜನರಿದ್ದರು. ಜಪಾನೀ ಸೇನಾಪತಿ ಯಮಾಶಿತನ ಬಳಿ ಅದಕ್ಕಿಂತ ಕಡಿಮೆ ಜನ. ನಾಲ್ಕನೆಯ ಡಿವಿಜನ್ನೊಂದನ್ನು ಕೊಡುತ್ತೇವೆಂದರೂ, ಅಷ್ಟು ಬಾಯಿಗೆ ಕಾಡಿನ ದಾರಿಯಲ್ಲಿ ಅನ್ನ ಒದಗಿಸಲಾರೆನೆಂದು ಅವನು ಮೂರೇ ಸಾಕೆಂದ. ಐವತ್ತೈದು ದಿನಗಳಲ್ಲಿ ಅವನ ಸೈನ್ಯ ಸುಮಾರು ಸಾವಿರ ಕಿಲೋಮೀಟರು ಕೆಳಗಿಳಿದು ಸಿಂಗಪುರದ ಎದುರು ದಡಕ್ಕೆ ಬಂತು. ದ್ವೀಪದಲ್ಲಿ ಆಗ ರಕ್ಷಕರು ಸುಮಾರು 85,000, ದಾಳಿಗೆ ಬಂದವರು ಅದರ ಅರ್ಧಕ್ಕಿಂತ ಕಡಿಮೆ. ಫೆಬ್ರುವರಿ 8ರ ರಾತ್ರಿ ಜಲಸಂಧಿ ದಾಟಿದರು. 15ನೆಯ ತಾರೀಖು ಸಂಜೆ, ಬುಕಿಟ್ ತಿಮಾದ ಫೋರ್ಡ್ ಕಾರ್ಖಾನೆಯಲ್ಲಿ, ಬ್ರಿಟಿಷ್ ಸೇನಾಪತಿ ಪರ್ಸಿವಲ್ ಶರಣಾಗತಿಯ ಕಾಗದಕ್ಕೆ ರುಜು ಹಾಕಿದ. ಮದ್ದುಗುಂಡು ತೀರುತ್ತ ಬಂದಿದ್ದ ತನ್ನ ದಾಳಿ ಬರಿಯ ಬೆದರಿಕೆಯ ಆಟವಾಗಿತ್ತೆಂದು, ತನ್ನ ಮೂರರಷ್ಟು ಜನ ಎದುರಿಗಿದ್ದರೆಂದು ಯಮಾಶಿತ ಆಮೇಲೆ ತಾನೇ ಬರೆದುಕೊಂಡ. ಪರ್ಸಿವಲ್ ಮೀರ್ ಜಾಫರನಲ್ಲ. ಅವನ ಕೈಕೆಳಗಿನ ದಳಪತಿಗಳಲ್ಲಿ ಯಾರೂ ಮೀರ್ ಜಾಫರರಲ್ಲ. ಹೇಡಿಗಳೂ ಅಲ್ಲ, ಹಿಂದಿನ ಮಹಾಯುದ್ಧದಲ್ಲಿ ಪದಕ ಪಡೆದವರು. ಹಾಗಾದರೆ ಏನಾಯಿತು?

ಮೊದಲನೆಯದು ಲೆಕ್ಕದ ಮಾತು. ಹತ್ತು ಬಾಗಿಲಿನ ಮನೆಯನ್ನು ನೂರು ಜನ ಕಾಯುತ್ತಿದ್ದಾರೆಂದು ಇಟ್ಟುಕೊಳ್ಳಿ. ಬಾಗಿಲಿಗೆ ಹತ್ತು ಜನ. ಹೊರಗೆ ನಲವತ್ತು ಜನ ಬರುತ್ತಾರೆ. ಕೂಟದಲ್ಲಿ ಮಾತಾಡುವವನು “ನಲವತ್ತಕ್ಕೆ ನೂರು!” ಎಂದು ಎದೆ ತಟ್ಟಿಕೊಳ್ಳುತ್ತಾನೆ. ಆದರೆ ಕಳ್ಳನಿಗೆ ಒಂದು ಬಾಗಿಲು ಸಾಕಲ್ಲವೆ? ಅವನು ಆರಿಸಿದ ಬಾಗಿಲಲ್ಲಿ ಹತ್ತಕ್ಕೆ ನಲವತ್ತು. ಉಳಿದ ತೊಂಬತ್ತು ಜನ ತಮ್ಮ ತಮ್ಮ ಬಾಗಿಲಲ್ಲಿ ನಿಷ್ಠೆಯಿಂದ ನಿಂತು ಸುದ್ದಿ ಕೇಳುತ್ತಾರೆ. ಒಳಗೆ ನುಗ್ಗಿದ ನಲವತ್ತು ಜನಕ್ಕೆ ಮುಂದಿನ ಬಾಗಿಲಲ್ಲಿ ಮತ್ತೆ ಹತ್ತೇ ಜನ, ಅದೂ ಬೆನ್ನು ತೋರಿಸಿ ನಿಂತವರು. ಯಾವ ಹೊತ್ತಿನಲ್ಲೂ ದೊಡ್ಡ ಸೈನ್ಯ ಕಾದಲೇ ಇಲ್ಲ. ಹತ್ತು ಸಣ್ಣ ಸೈನ್ಯಗಳು ಒಂದಾದ ಮೇಲೊಂದು ಕಾದಿ ಸತ್ತವು. ಹೊಲ ಕಾಯುವ ನಮ್ಮ ರೈತನಿಗೆ ಇದು ಗೊತ್ತು. ಹಂದಿ ಬರುವ ಜಾಡು ಯಾವುದೆಂದು ನೋಡಿ ಅಟ್ಟಣೆ ಹಾಕುತ್ತಾನೆಯೇ ಹೊರತು ಬೇಲಿಯುದ್ದಕ್ಕೂ ಹೆಂಡತಿ ಮಕ್ಕಳನ್ನು ಒಬ್ಬೊಬ್ಬರಾಗಿ ನಿಲ್ಲಿಸುವುದಿಲ್ಲ.

ಮಲಯದಲ್ಲಿ ನಿಲ್ಲಿಸಿದ್ದು ಹೀಗೆಯೇ. ವಿಮಾನದಳದವರು ಉತ್ತರದಲ್ಲೂ ಪೂರ್ವದ ಕಡಲಂಚಿನಲ್ಲೂ, ಕಾಯುವುದಕ್ಕೆ ಅನುಕೂಲವೇ ಇಲ್ಲವೇ ಎಂದು ಭೂಸೈನ್ಯವನ್ನು ಸರಿಯಾಗಿ ವಿಚಾರಿಸದೆ, ವಿಮಾನನೆಲೆಗಳನ್ನು ಕಟ್ಟಿದ್ದರು. ಕಟ್ಟಿದ ಮೇಲೆ ಕಾಯದೆ ಇರಲಾದೀತೆ? ಅದಕ್ಕಾಗಿ ದಳಗಳನ್ನು ಒಡೆದು ದೂರ ದೂರ ಹಂಚಿದರು. ಬೇಕೆಂದು ಮೇಲಿನವರೇ ಒಪ್ಪಿದ ವಿಮಾನಗಳು 336. ಯುದ್ಧ ಶುರುವಾದ ದಿನ ಇದ್ದದ್ದು ಅದರ ಅರ್ಧಕ್ಕೂ ಕಡಿಮೆ, ಅದರಲ್ಲೂ ಬಹುಪಾಲು ಹಳೆಯವು. ಇಲ್ಲದ ವಿಮಾನಗಳ ನೆಲೆಗಳನ್ನು ಕಾಯಲು ಇದ್ದ ಸೈನ್ಯ ಹರಿದು ಹಂಚಿಹೋಯಿತು. ಕೊನೆಗೆ ದ್ವೀಪದಲ್ಲಿಯೂ ಇದೇ. ಶತ್ರು ಈಶಾನ್ಯದಿಂದ ಬರುತ್ತಾನೆಂದು ಪರ್ಸಿವಲ್, ವಾಯವ್ಯದಿಂದ ಬರುತ್ತಾನೆಂದು ಅವನ ಮೇಲಧಿಕಾರಿ ವೇವೆಲ್. ಪರ್ಸಿವಲ್ಲನ ಮಾತೇ ನಡೆಯಿತು. ಹೊಸದಾಗಿ ಬಂದಿಳಿದ ಬ್ರಿಟಿಷ್ ಡಿವಿಜನ್ ಈಶಾನ್ಯದಲ್ಲಿ ನಿಂತಿತು. ಶತ್ರು ವಾಯವ್ಯದಿಂದ ಬಂದ. ಎರಡು ಡಿವಿಜನ್ನುಗಳ ಏಟು ಬಿದ್ದದ್ದು ಮೈಲುಗಟ್ಟಲೆ ಉದ್ದದ ಕೆಸರು ದಡದಲ್ಲಿ ತೆಳುವಾಗಿ ಹರಡಿದ್ದ ಒಂದೇ ಆಸ್ಟ್ರೇಲಿಯನ್ ಬ್ರಿಗೇಡಿನ ಮೇಲೆ, ಅಂದರೆ ಮೂರೇ ಬೆಟಾಲಿಯನ್ನುಗಳ ಮೇಲೆ. ಉಳಿದವರು ತಮ್ಮ ತಮ್ಮ ಬಾಗಿಲಲ್ಲಿ ನಿಂತಿದ್ದರು. ದೊಡ್ಡತಾತನ ಮೊದಲ ಎರಡು ವಾಕ್ಯಗಳ ಅರ್ಥ ಇದೇ.

ಎರಡನೆಯದು ಅಧಿಕಾರದ ಮಾತು. ಜಪಾನೀಯರು ಸಯಾಮಿನಲ್ಲಿ ಇಳಿಯುವ ಮುನ್ನವೇ ಅಲ್ಲಿಗೆ ನುಗ್ಗಿ ಬಂದರು ಹಿಡಿಯುವ ಯೋಜನೆಯೊಂದು ಬ್ರಿಟಿಷರ ಬಳಿ ಸಿದ್ಧವಾಗಿತ್ತು. ತಟಸ್ಥ ದೇಶದ ಗಡಿ ದಾಟಬಹುದೇ, ಬಾರದೇ ಎಂದು ಅನುಮಾನಿಸುತ್ತ ಗಂಟೆಗಳು ಕಳೆದವು. ದಾಟುವುದಕ್ಕೆಂದು ಅಣಿಯಾಗಿ ಕಾದಿದ್ದ ಹನ್ನೊಂದನೆಯ ಭಾರತೀಯ ಡಿವಿಜನ್ನು, ಕೊನೆಗೆ ದಾಟುವುದು ಬೇಡವೆಂದಾಗ, ಜಿತ್ರಾ ಎಂಬಲ್ಲಿ ಅರ್ಧಂಬರ್ಧ ತೋಡಿದ್ದ, ಮಳೆ ನೀರು ತುಂಬಿದ್ದ ಕಂದಕಗಳಿಗೆ ಹಿಂದಿರುಗಿತು. ಕೆಲವೇ ಟ್ಯಾಂಕುಗಳೊಡನೆ ಬಂದ ಕೆಲವೇ ನೂರು ಮಂದಿಯ ಮುಂಚೂಣಿ ದಳ ಆ ಇಡೀ ಡಿವಿಜನ್ನನ್ನು ಎರಡು ದಿನದೊಳಗೆ ಹಿಮ್ಮೆಟ್ಟಿಸಿತು. ಅತ್ತ ಮುಂಗಡೆಯ ದಳಪತಿ ಹೀತ್ ಬೇಗ ಹಿಂದೆ ಸರಿದು ಒಂದು ಕಡೆ ಗಟ್ಟಿಯಾಗಿ ನಿಲ್ಲೋಣ ಎನ್ನುತ್ತಾನೆ. ಪರ್ಸಿವಲ್ ಮೆಲ್ಲಮೆಲ್ಲನೆ ಕಾದುತ್ತ ಸರಿಯಬೇಕು ಎನ್ನುತ್ತಾನೆ. ಪರ್ಸಿವಲ್ಲನ ಮೇಲಿನ ಅಧಿಕಾರಿಯಾಗಿ ಮೊದಲು ಬ್ರೂಕ್ ಪಾಪಮ್, ಡಿಸೆಂಬರ್ ಕೊನೆಗೆ ಪೌನಲ್, ಜನವರಿಯಲ್ಲಿ ಜಾವಾದಲ್ಲಿ ಕುಳಿತ ವೇವೆಲ್. ಐವತ್ತೈದು ದಿನದೊಳಗೆ ಮೂವರು! ಭೀಷ್ಮನ ನಂತರ ದ್ರೋಣ, ದ್ರೋಣನ ನಂತರ ಕರ್ಣ ಎಂಬ ಹಳೆಯ ಕಥೆಯೇ ಮತ್ತೆ ನಡೆಯಿತು. ಅಲ್ಲಿನವರು ಸತ್ತು ಜಾಗ ಬಿಟ್ಟರು, ಇಲ್ಲಿನವರು ಬದಲಾವಣೆಯ ಆಜ್ಞೆ ಬಂದು ಬಿಟ್ಟರು.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಕೊಡಬೇಕು. “ಜಪಾನೀಯರ ಬಳಿ ಸುಮಾರು ಇನ್ನೂರು ಟ್ಯಾಂಕುಗಳಿದ್ದವು, ಬ್ರಿಟಿಷರ ಬಳಿ ಯುದ್ಧದ ಕೊನೆಯ ತನಕ ಟ್ಯಾಂಕೇ ಇರಲಿಲ್ಲ, ಆಕಾಶವೂ ಜಪಾನೀಯರದು, ಸಮುದ್ರವೂ ಜಪಾನೀಯರದು, ಡಿಸೆಂಬರ್ 10ರಂದೇ ಎರಡು ದೊಡ್ಡ ಯುದ್ಧನೌಕೆಗಳು ಮುಳುಗಿದವು. ಸೋಲಿಗೆ ಇಷ್ಟು ಸಾಲದೆ?” ಎಂದು ಬಲ್ಲವರು ಕೇಳಬಹುದು. ಮಾತು ನ್ಯಾಯವಾದದ್ದೇ. ಬರಿಯ ತಲೆ ಎಣಿಸುವವರಿಗೆ ಇದೇ ಮೊದಲ ಪಾಠ. ಆದರೆ ಆಯುಧವಿಲ್ಲದಿದ್ದದ್ದು ಒಂದು ಸಂಗತಿ, ಇದ್ದ ತಿಳಿವಳಿಕೆಯನ್ನು ಬಳಸದೆ ಹೋದದ್ದು ಇನ್ನೊಂದು. ಮಲಯದ ಪ್ರಧಾನ ಎಂಜಿನಿಯರಾಗಿದ್ದ ಸಿಮ್ಸನ್ ಆಮೇಲೆ ಬರೆದದ್ದನ್ನು ನೋಡಿ: ಟ್ಯಾಂಕುಗಳನ್ನು ತಡೆಯುವುದು ಹೇಗೆಂದು ಲಂಡನ್ನಿನಿಂದ ಬಂದಿದ್ದ ಕೈಪಿಡಿಗಳ ಕಟ್ಟುಗಳು ಪ್ರಧಾನ ಕಚೇರಿಯ ಬೀರುವಿನಲ್ಲಿ ದಳಗಳಿಗೆ ಹಂಚದೆ ಬಿದ್ದಿದ್ದವಂತೆ. ಇದನ್ನು ಓದಿದಾಗ, ಬೀಗ ಹಾಕಿದ ಬೀರುಗಳಿರುವ ಗ್ರಂಥಾಲಯಗಳಲ್ಲಿ ಆಯುಷ್ಯ ಕಳೆದ ನನಗೆ ನಗು ಬರಲಿಲ್ಲ. ಎದುರು ಪಕ್ಷದಲ್ಲಿ ಯಮಾಶಿತನ ಅಧಿಕಾರಿಗಳು ಉಷ್ಣದೇಶದ ಯುದ್ಧದ ಬಗ್ಗೆ ಸಣ್ಣ ಪುಸ್ತಕವೊಂದನ್ನು ಬರೆಸಿ, ಹಡಗಿನಲ್ಲೇ ಸಿಪಾಯಿಗಳ ಕೈಗೆ ಕೊಟ್ಟು ಓದಿಸಿದರು. ಕಾಡನ್ನು ಮೊದಲು ನೋಡಿರದಿದ್ದವರು ಅವರೂ ಹೌದು. ಸೈಕಲ್ಲು ತುಳಿದು ಬಂದರು. ಟೈರು ಒಡೆದಾಗ ಬರಿಯ ಚಕ್ರದ ಮೇಲೆ ತುಳಿದರು. ಹಿಮ್ಮೆಟ್ಟಿದವರು ಬಿಟ್ಟುಹೋದ ಪೆಟ್ರೋಲನ್ನೂ ಅಕ್ಕಿಯನ್ನೂ ಬಳಸಿಕೊಂಡು ಮುಂದೆ ನಡೆದರು. ಜನವರಿ 7ರ ಮುಂಜಾವದ ಕತ್ತಲಲ್ಲಿ ಸ್ಲಿಮ್ ನದಿಯ ಬಳಿ ಅವರ ಟ್ಯಾಂಕುಗಳ ಸಾಲೊಂದು ನೇರ ರಸ್ತೆಯ ಮೇಲೆಯೇ ನುಗ್ಗಿ ಎರಡು ಭಾರತೀಯ ಬ್ರಿಗೇಡುಗಳನ್ನು ನುಚ್ಚುನೂರು ಮಾಡಿತು. ನಾಲ್ಕು ದಿನದ ಮೇಲೆ ಕ್ವಾಲಾಲಂಪುರ ಬಿತ್ತು.

ಸಿಪಾಯಿಯ ಧೈರ್ಯ ಸಾಲದೆ ಹೋಯಿತೆನ್ನುವವರಿಗೆ ಕಂಪಾರ್ ಎಂಬ ಊರಿನ ಹೆಸರು ಹೇಳುತ್ತೇನೆ. ಡಿಸೆಂಬರ್ ಕೊನೆಯಲ್ಲಿ, ಆಯ್ದ ಗುಡ್ಡದ ನೆಲದಲ್ಲಿ, ಒತ್ತಟ್ಟಿಗೆ ನಿಂತ ಅದೇ ದಣಿದ ಬ್ರಿಟಿಷ್ ಮತ್ತು ಭಾರತೀಯ ಸಿಪಾಯಿಗಳು ಜಪಾನೀಯರನ್ನು ದಿನಗಟ್ಟಲೆ ತಡೆದರು. ಅವರನ್ನು ಯಾರೂ ಎದುರಿನಿಂದ ಅಲುಗಿಸಲಿಲ್ಲ. ಬೆನ್ನ ಹಿಂದೆ ಕಡಲ ಕಡೆಯಿಂದ ಶತ್ರು ಇಳಿದನೆಂದು ಹಿಂದಕ್ಕೆ ಕರೆಸಬೇಕಾಯಿತು. ಒಂದಾಗಿ ನಿಲ್ಲಿಸಿದಲ್ಲಿ ಅವರು ನಿಂತರು. ಅಲ್ಲಲ್ಲಿ ಚೆಲ್ಲಿದಾಗ ಚೆಲ್ಲಿಹೋದರು.

ಮೂರನೆಯ ಕಾರಣವೇ ನನ್ನನ್ನು ಈ ಲೇಖನಕ್ಕೆ ಎಳೆದದ್ದು. ಡಿಸೆಂಬರ್ ಕೊನೆಯಲ್ಲಿ, ಉತ್ತರದ ಊರುಗಳು ಒಂದೊಂದಾಗಿ ಬೀಳುತ್ತಿದ್ದಾಗ, ಅದೇ ಸಿಮ್ಸನ್ ಪರ್ಸಿವಲ್ಲನ ಬಳಿ ಹೋಗಿ, ಸಿಂಗಪುರದ ಉತ್ತರ ದಡದಲ್ಲಿ ಕೂಡಲೇ ಕಂದಕ, ಮುಳ್ಳುತಂತಿ, ಅಡ್ಡಗಟ್ಟುಗಳನ್ನು ಹಾಕೋಣವೆಂದು ಬೇಡಿದ. ಸಾಮಾನಿದೆ, ಕೆಲಸಗಾರರಿದ್ದಾರೆ, ಸಮಯ ಇನ್ನೂ ಸ್ವಲ್ಪ ಇದೆ ಎಂದ. ಪರ್ಸಿವಲ್ ಒಪ್ಪಲಿಲ್ಲ. ಹಾಗೆ ಕೋಟೆ ಕಟ್ಟುವುದನ್ನು ಕಂಡರೆ ಸೈನಿಕರ, ನಾಗರಿಕರ ಧೈರ್ಯ ಕುಂದೀತು ಎಂಬುದು ಅವನು ಕೊಟ್ಟ ಕಾರಣ. ಓದುಗರು ಇದನ್ನು ಇನ್ನೊಮ್ಮೆ ಓದಬೇಕೆಂದು ಬೇಡುತ್ತೇನೆ. ಗೋಡೆಯಲ್ಲಿ ಬಿರುಕಿದೆ, ಮುಚ್ಚೋಣ ಎಂದವನಿಗೆ ಸಿಕ್ಕ ಉತ್ತರ: ಮುಚ್ಚಿದರೆ ಬಿರುಕಿತ್ತೆಂದು ಜನಕ್ಕೆ ತಿಳಿದೀತು!

ಈ ಉತ್ತರವನ್ನು ನಾವು ಬೇರೆ ಎಲ್ಲಿಯೂ ಕೇಳಿಲ್ಲವೆ? ಪರೀಕ್ಷೆಯ ಫಲಿತಾಂಶ ಕೆಟ್ಟಿದೆಯೆಂದು ಸಭೆಯಲ್ಲಿ ಹೇಳಿದರೆ ಸಂಸ್ಥೆಯ ಮಾನ ಹೋಗುತ್ತದೆ. ಸೇತುವೆ ಸಡಿಲವಾಗಿದೆಯೆಂದರೆ ಊರಿನ ಹೆಸರು ಕೆಡುತ್ತದೆ. ನಮ್ಮ ಹಿರಿಯರು ಇಂಥಲ್ಲಿ ತಪ್ಪಿದರು ಎಂದರೆ ಎಳೆಯರ ಅಭಿಮಾನ ಕುಂದುತ್ತದೆ. ಧೈರ್ಯ, ಮಾನ, ಅಭಿಮಾನ ಎಂಬ ಒಳ್ಳೆಯ ಮಾತುಗಳನ್ನು ಬಿರುಕಿನ ಮುಂದೆ ಪರದೆಯಾಗಿ ಕಟ್ಟುವ ಈ ವಿದ್ಯೆಯಲ್ಲಿ ನಾವು ಪರ್ಸಿವಲ್ಲನಿಗೆ ಏನೂ ಕಡಿಮೆಯಿಲ್ಲ. ದೊಡ್ಡ ಸೈನ್ಯಕ್ಕೆ ಈ ರೋಗ ಬೇಗ ತಗಲುತ್ತದೆ, ಏಕೆಂದರೆ ಅದಕ್ಕೆ ತನ್ನ ದೊಡ್ಡತನವೇ ಸಮಾಧಾನ. ಸಣ್ಣ ಸೈನ್ಯಕ್ಕೆ ಆ ಸೌಲಭ್ಯವಿಲ್ಲ. ತಪ್ಪಿದರೆ ಉಳಿಯುವುದಿಲ್ಲವೆಂದು ಗೊತ್ತಿರುವುದರಿಂದ ಅದು ಕೊರತೆಯನ್ನು ಮೊದಲೇ ಎಣಿಸಿಕೊಂಡು ಹೊರಡುತ್ತದೆ. ಉತ್ತರಕುಮಾರ ಅಂತಃಪುರದಲ್ಲಿ ಪೌರುಷ ಕೊಚ್ಚಿದಾಗ ಅವನ ಧೈರ್ಯಕ್ಕೇನೂ ಕೊರತೆಯಿರಲಿಲ್ಲ. ಶತ್ರುಸೈನ್ಯ ಕಣ್ಣಿಗೆ ಬಿದ್ದ ಮೇಲೆ ಏನಾಯಿತೆಂಬುದನ್ನು ಗಮಕಿಗಳಿಂದ ಕೇಳಿ ನಾವೆಲ್ಲ ನಕ್ಕಿದ್ದೇವೆ. ಅವನು ಹುಡುಗ, ಅವನಿಗೆ ಬೃಹನ್ನಳೆ ಇದ್ದಳು. ಸಿಂಗಪುರಕ್ಕೆ ಯಾರಿದ್ದರು?

ನಾಲ್ಕನೆಯದು, ಯಾರ ಯುದ್ಧ ಎಂಬ ಪ್ರಶ್ನೆ. ಮಲಯವನ್ನು ಕಾಯುತ್ತಿದ್ದವರಲ್ಲಿ ದೊಡ್ಡ ಪಾಲು ಭಾರತೀಯರು. ಪಳಗಿದ ಹವಾಲ್ದಾರ ಜಮಾದಾರರನ್ನು ಹೊಸ ದಳಗಳನ್ನು ಕಟ್ಟುವುದಕ್ಕೆಂದು ಆಗಾಗ ಹಿಂತೆಗೆದು, ಅವರ ಜಾಗಕ್ಕೆ ಟ್ಯಾಂಕನ್ನು ಕಣ್ಣಾರೆ ಕಾಣದ ಎಳೆಯರನ್ನು ತುಂಬಿದ್ದರು. ಭಾರತೀಯ ಅಧಿಕಾರಿಗೆ ಅದೇ ದರ್ಜೆಯ ಬ್ರಿಟಿಷ್ ಅಧಿಕಾರಿಗಿಂತ ಕಡಿಮೆ ಸಂಬಳ. ಅವನು ಯಾರಿಗಾಗಿ ಪ್ರಾಣ ಕೊಡಬೇಕಿತ್ತೋ ಅವರ ಕ್ಲಬ್ಬುಗಳಲ್ಲಿ ಅವನಿಗೆ ಪ್ರವೇಶವಿಲ್ಲ. ಶರಣಾಗತಿಯಾಗಿ ಎರಡು ದಿನದ ಮೇಲೆ, ಫೆಬ್ರುವರಿ 17ರಂದು, ಫ್ಯಾರರ್ ಪಾರ್ಕಿನ ಬಯಲಿನಲ್ಲಿ ಸುಮಾರು ನಲವತ್ತೈದು ಸಾವಿರ ಭಾರತೀಯ ಸೆರೆಯಾಳುಗಳನ್ನು ಕೂಡಿಸಿ, ಬ್ರಿಟಿಷರು ಜಪಾನೀಯರ ಕೈಗೆ ಒಪ್ಪಿಸಿಬಿಟ್ಟರು. ಅಲ್ಲಿಯೇ ಮೋಹನ್ ಸಿಂಗ್ ಆಜಾದ್ ಹಿಂದ್ ಫೌಜಿಗೆ ಕರೆ ಕೊಟ್ಟ. ಸೇರಿದವರು ಅನೇಕರು, ಸೇರದೆ ಸೆರೆಯಲ್ಲೇ ಉಳಿದವರೂ ಅನೇಕರು. ದೊಡ್ಡತಾತ ಸೇರಲಿಲ್ಲ, ಏಕೆಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಸೇರಿದವರನ್ನು ದ್ರೋಹಿಗಳೆಂದು ಬ್ರಿಟಿಷರು ಕರೆದರು, ವೀರರೆಂದು ನಾವು ಕರೆದೆವು. ದ್ರೋಹವೆಂಬ ಪದ ಎಷ್ಟು ಜಾರುವ ಪದವೆಂದು ತಿಳಿಯಲು ಇದಕ್ಕಿಂತ ಬೇರೆ ನಿದರ್ಶನ ಬೇಡ. ಅದರ ಮೇಲೆ ಇತಿಹಾಸದ ಮನೆ ಕಟ್ಟುವುದು ಹೇಗೆ?

ಇಷ್ಟು ಹೇಳಿದ್ದರಿಂದ ಗೆದ್ದವನನ್ನು ಕೊಂಡಾಡುತ್ತಿದ್ದೇನೆಂದು ಯಾರೂ ಭಾವಿಸಬಾರದು. ಸಿಂಗಪುರದಲ್ಲಿ ಗೆದ್ದ ಸೈನ್ಯ ಅಲೆಕ್ಸಾಂಡ್ರಾ ಆಸ್ಪತ್ರೆಯಲ್ಲಿ ರೋಗಿಗಳನ್ನೂ ವೈದ್ಯರನ್ನೂ ಕೊಂದಿತು. ಊರಿನ ಚೀನೀ ನಾಗರಿಕರನ್ನು ಸಾವಿರಗಟ್ಟಲೆ ಆರಿಸಿ ತೆಗೆದು ಕಡಲ ದಡದಲ್ಲಿ ಕೊಂದಿತು. ರಕ್ಷಣೆ ಕೆಟ್ಟಾಗ ಬೆಲೆ ತೆರುವವರು ಸೇನಾಪತಿಗಳಲ್ಲ. ಆದ್ದರಿಂದಲೇ ರಕ್ಷಣೆ ಹೇಗೆ ಕೆಡುತ್ತದೆಂಬ ವಿಚಾರ ವಿನೋದದ ವಿಚಾರವಾಗದು. ಸಣ್ಣ ಸೈನ್ಯವೇ ಸದಾ ಗೆಲ್ಲುತ್ತದೆಂಬ ಭ್ರಮೆಯೂ ಬೇಡ. ಲೋಕದಲ್ಲಿ ಹೆಚ್ಚಾಗಿ ಗೆಲ್ಲುವುದು ದೊಡ್ಡದೇ. ಆದರೆ ಬಲ್ಲವರ ಕೈಯಲ್ಲಿ ದೊಡ್ಡದು ನಿಜವಾಗಿ ದೊಡ್ಡದಾಗಿರುತ್ತದೆ. 1780ರಲ್ಲಿ ಹೈದರಾಲಿ ಘಟ್ಟ ಇಳಿದಾಗ ಮುನ್ರೋನ ಸೈನ್ಯ ಕಂಚಿಯ ಬಳಿ ಇತ್ತು. ಅದನ್ನು ಕೂಡಲು ಬೇಲಿಯ ದಳ ಬರುತ್ತಿತ್ತು. ಅವೆರಡೂ ಕೂಡುವ ಮೊದಲೇ, ಸೆಪ್ಟೆಂಬರ್ 10ರಂದು, ಪೊಳ್ಳಿಲೂರಿನಲ್ಲಿ ಹೈದರನೂ ಟಿಪ್ಪುವೂ ತಮ್ಮ ಬಲವನ್ನೆಲ್ಲ ಬೇಲಿಯೊಬ್ಬನ ಮೇಲೆ ಹರಿಸಿದರು. ಮುನ್ರೋ ಕೆಲವೇ ಮೈಲು ದೂರದಲ್ಲಿದ್ದರೂ ಇಲ್ಲದಂತಾದ. ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಯ ಮೇಲೆ ಈ ಯುದ್ಧದ ಚಿತ್ರವಿದೆ. ವಿದ್ಯಾರ್ಥಿಗಳನ್ನು ಪ್ರವಾಸಕ್ಕೆ ಕರೆದೊಯ್ಯುವ ನಾವು ಅದರ ಮುಂದೆ ನಿಲ್ಲಿಸಿ ಫೋಟೋ ತೆಗೆಸುತ್ತೇವೆ; ಆಚೆ ಕಡೆಯ ಎರಡು ಸೈನ್ಯ ಏಕೆ ಕೂಡಲಿಲ್ಲವೆಂದು ಕೇಳಿಸುವುದಿಲ್ಲ. ಮುಂದಿನ ನಿಲುಗಡೆಯಲ್ಲಿ ಮೀರ್ ಸಾದಿಕನನ್ನು ಬೈದು ಬಸ್ಸು ಹತ್ತುತ್ತೇವೆ. 1799ರ ಮೇ 4ರ ಹೊತ್ತಿಗೆ ಮೈಸೂರು ಒಬ್ಬಂಟಿಯಾಗಿತ್ತು, ಕಂಪನಿಯ ಜೊತೆಗೆ ನಿಜಾಮನ ಸೈನ್ಯವೂ ಇತ್ತು, ಏಳು ವರ್ಷದ ಹಿಂದಿನ ಒಪ್ಪಂದದಲ್ಲಿ ಅರ್ಧ ರಾಜ್ಯವೇ ಕೈಬಿಟ್ಟಿತ್ತು ಎಂಬ ಮಾತುಗಳಿಗೆ ಮೇಜು ಗುದ್ದಿದರೆ ಚಪ್ಪಾಳೆ ಬೀಳುವುದಿಲ್ಲ.

ದ್ರೋಹಿಯ ಕಥೆಯಿಂದ ನಮಗೆ ಸಿಗುವ ಲಾಭವೇನೆಂದು ಯೋಚಿಸಿದ್ದೇನೆ. ಅದು ಉಳಿದ ಎಲ್ಲರನ್ನೂ ಬಿಡುಗಡೆ ಮಾಡುತ್ತದೆ. ಅರಸ ತಪ್ಪಲಿಲ್ಲ, ಮಂತ್ರಿ ತಪ್ಪಲಿಲ್ಲ, ಸಂಬಳ ಕೊಡದ ಬೊಕ್ಕಸ ತಪ್ಪಲಿಲ್ಲ, ಕೈಪಿಡಿಯನ್ನು ಬೀರುವಿನಲ್ಲಿಟ್ಟ ಗುಮಾಸ್ತನೂ ತಪ್ಪಲಿಲ್ಲ. ಒಬ್ಬನ ಕತ್ತಿಗೆ ಎಲ್ಲವನ್ನೂ ಕಟ್ಟಿ ಮುಳುಗಿಸಿದರೆ ದಡದಲ್ಲಿ ನಿಂತವರೆಲ್ಲ ಶುದ್ಧರು. ಇದರ ನಷ್ಟ ಎರಡು ಬಗೆಯದು. ತಪ್ಪು ಎಲ್ಲಿತ್ತೋ ಅಲ್ಲಿಯೇ ಉಳಿದು ಮುಂದಿನ ಶತ್ರುವಿಗಾಗಿ ಕಾಯುತ್ತದೆ. ದ್ರೋಹಿಯನ್ನು ಹುಡುಕುವ ಅಭ್ಯಾಸವಾದರೋ ಯುದ್ಧ ಮುಗಿದರೂ ಮುಗಿಯುವುದಿಲ್ಲ. ಪಕ್ಕದ ಮನೆಯವನ ಹೆಸರು, ಭಾಷೆ, ದೇವರು ಇವುಗಳಲ್ಲಿ ಅದು ತನ್ನ ಬೇಟೆಯನ್ನು ಹುಡುಕತೊಡಗುತ್ತದೆ. ಒಬ್ಬೊಬ್ಬರನ್ನೂ ಅನುಮಾನಿಸುವ ಸೈನ್ಯ ಒಂದಾಗಿ ನಿಂತೀತೇ? ದ್ರೋಹದ ಭಯದಿಂದ ಒಡೆದುಹೋಗುವುದಾದರೆ ಶತ್ರುವಿನ ಕೆಲಸವನ್ನು ನಾವೇ ಮಾಡಿಕೊಟ್ಟ ಹಾಗಾಯಿತು.

ಆ ಹುಡುಗನಿಗೆ ಕೊಟ್ಟ ಬಟ್ಟಲನ್ನು ನಾನು ವಾಪಸು ಕೇಳುವುದಿಲ್ಲ. ಹದಿನೆಂಟರ ವಯಸ್ಸಿನಲ್ಲಿ ನಾನೂ ಇದೇ ಭಾಷಣ ಮಾಡಿ ಬಹುಮಾನವಾಗಿ ಒಂದು ಪೆನ್ನು ಗೆದ್ದಿದ್ದೆ. ಜಗಲಿಯಲ್ಲಿ ಕೂತಿದ್ದ ದೊಡ್ಡತಾತನಿಗೆ ಅದನ್ನು ತೋರಿಸಿದಾಗ ಅವರು ಪೆನ್ನನ್ನು ತಿರುಗಿಸಿ ತಿರುಗಿಸಿ ನೋಡಿ, “ಚೆನ್ನಾಗಿದೆ, ಮಗ” ಎಂದು ಹಿಂದಕ್ಕೆ ಕೊಟ್ಟರು. ಭಾಷಣದಲ್ಲಿ ಏನು ಹೇಳಿದೆಯೆಂದು ಕೇಳಲಿಲ್ಲ. ಆದರೆ ಮುಂದಿನ ವರ್ಷ ಯಾರಾದರೂ ನನ್ನನ್ನು ತೀರ್ಪಿಗೆ ಕರೆದರೆ, ಪ್ರತಿ ಸ್ಪರ್ಧಿಗೂ ಒಂದು ಪ್ರಶ್ನೆ ಹಾಕಲು ಅವಕಾಶ ಕೊಡಬೇಕೆಂಬ ಷರತ್ತಿನ ಮೇಲೆ ಒಪ್ಪುತ್ತೇನೆ. ಪ್ರಶ್ನೆ ಸುಲಭವಾದದ್ದು: ಆ ದಿನ ಶತ್ರು ಬಂದ ಬಾಗಿಲಲ್ಲಿ ನಮ್ಮವರು ಎಷ್ಟು ಮಂದಿ ಇದ್ದರು, ಉಳಿದವರು ಎಲ್ಲಿದ್ದರು, ಅವರನ್ನು ಅಲ್ಲಿ ನಿಲ್ಲಿಸಿದವರು ಯಾರು? ಇದಕ್ಕೆ ತಡವರಿಸುತ್ತಲಾದರೂ ಉತ್ತರ ಹುಡುಕುವ ಮಗುವಿಗೆ, ಉಚ್ಚಾರ ಸ್ವಲ್ಪ ತಪ್ಪಿದರೂ, ನನ್ನ ಅಂಕಗಳು ಸಲ್ಲುತ್ತವೆ.